ಪ್ರತಿಕ್ರಿಯೆ: ಮಹಾರಾಷ್ಟ್ರ ನೋಂದಣಿಯ ಕಾರು ಮಡಿಕೇರಿಯಲ್ಲಿ

ಸೇನೆಯಲ್ಲಿರುವ ಪತಿಯ ಹೆಸರಿನ, ಪುಣೆಯಲ್ಲಿ ನೋಂದಣಿಯಾದ ಕಾರನ್ನು ಮಡಿಕೇರಿಗೆ ತಂದರೆ ಸಂಖ್ಯೆ ಬದಲಿಸಲೇಬೇಕೇ ಎಂದು ಕೇಳಿದ್ದೀರಿ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ, ಬೇರೆ ರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಮಾತ್ರ ಮರುನೋಂದಣಿ ಕಡ್ಡಾಯವಾಗುತ್ತದೆ. ಹಾಗಾದಲ್ಲಿ, ಪುಣೆಯ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದು, ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಅರ್ಜಿ ಸಲ್ಲಿಸಿ, ಕರ್ನಾಟಕದ ತೆರಿಗೆ ಕಟ್ಟಿ ಕೆಎ-12 ಸಂಖ್ಯೆ ಪಡೆಯಬೇಕು. ಪತ್ರವನ್ನು ಪುಣೆ ಬಿಡುವ ಮೊದಲೇ ಪಡೆದುಕೊಳ್ಳಿ. ಪತಿ ಗಡಿಯಲ್ಲಿರುವಾಗ ಅವರ ಸಹಿಗಾಗಿ ಕಾಯುವ ಸಂಕಟ ಯಾವ ಕುಟುಂಬಕ್ಕೂ ಬೇಡ.

ಚಾಲನಾ ಪರವಾನಗಿ ದೇಶದಾದ್ಯಂತ ಊರ್ಜಿತ. ಮುಂದೆ ಹೊಸ ಕಾರು ಕೊಳ್ಳುವಾಗ, ರಕ್ಷಣಾ ಸಿಬ್ಬಂದಿಗೂ ಲಭ್ಯವಿರುವ, 2021ರಲ್ಲಿ ಬಂದ ಬಿಎಚ್ (ಭಾರತ್) ನೋಂದಣಿ ಸರಣಿಯನ್ನೇ ಆರಿಸಿಕೊಳ್ಳಿ. ವರ್ಗಾವಣೆಯಾದಾಗ ಮರುನೋಂದಣಿಯ ಅಗತ್ಯವಿರುವುದಿಲ್ಲ.