ಅಮೆರಿಕದಲ್ಲಿ ಎಂಎಸ್ ಓದುವಾಗ ಹೊರಗಡೆ ಕೆಲಸ ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಆಗಸ್ಟ್‌ನಲ್ಲಿ ಎಂಎಸ್‌ಗೆ ಹೊರಟಿದ್ದೀರಿ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾ ಕೈಗೆ ಬಂದಿದೆ, ಮನೆ ಅಡವಿಟ್ಟು ಸಾಲ ತೆಗೆದಿದ್ದೀರಿ. "ವೀಕೆಂಡ್‌ನಲ್ಲಿ ಗ್ಯಾಸ್ ಸ್ಟೇಷನ್‌ಗೆ (ಪೆಟ್ರೋಲ್ ಬಂಕ್‌ಗೆ) ಹೋದರೆ ಕ್ಯಾಶ್ ಕೊಡ್ತಾರೆ, ಎಲ್ಲರೂ ಮಾಡ್ತಾರೆ, ಏನೂ ಆಗಲ್ಲ" ಅಂತ ಸೀನಿಯರ್ ಒಬ್ಬರು ಹೇಳಿದ್ದಾರೆ. ಅದು ನಿಜವಾ, ಕ್ಯಾಂಪಸ್ ಕೆಲಸದಿಂದ ಎಷ್ಟು ದುಡ್ಡು ಬರುತ್ತೆ, ಬೆಂಗಳೂರಿನ ಕ್ಲೈಂಟ್‌ಗಳಿಗೆ ಈಗ ಮಾಡಿಕೊಡುತ್ತಿರುವ ವೆಬ್‌ಸೈಟ್ ಕೆಲಸವನ್ನು ಅಲ್ಲಿಂದಲೇ ಮುಂದುವರಿಸಬಹುದಾ ಅಂತ ಕೇಳಿದ್ದೀರಿ.

ಗ್ಯಾಸ್ ಸ್ಟೇಷನ್ ಕೆಲಸಕ್ಕೆ ಹೋಗಬೇಡಿ. ಒಂದು ದಿನಕ್ಕೂ ಬೇಡ. ಉಳಿದದ್ದನ್ನು ನಿಧಾನವಾಗಿ ಬರೆಯುತ್ತೇನೆ, ಇದನ್ನು ಮಾತ್ರ ಮೊದಲೇ ಹೇಳಿಬಿಡಬೇಕು ಅನ್ನಿಸಿತು.

ನಾನು ಹಾಸನದವನು. 2016ರಲ್ಲಿ ನಿಮ್ಮ ಹಾಗೇ ಸಾಲ ಮಾಡಿ ಎಂಎಸ್‌ಗೆ ಹೋದೆ, ಅಲ್ಲಿನ ಒಂದು ಚಿಕ್ಕ ಊರಿನ ವಿಶ್ವವಿದ್ಯಾಲಯಕ್ಕೆ. ಮೊದಲ ಸೆಮಿಸ್ಟರ್‌ನಲ್ಲೇ ಡೈನಿಂಗ್ ಹಾಲ್‌ನಲ್ಲಿ ಕೆಲಸ ಸಿಕ್ಕಿತು. ಪಾತ್ರೆ ತೊಳೆಯುವ ಕೋಣೆ. ಗೋಡೆಯ ಕಿಂಡಿಯಿಂದ ಬೆಲ್ಟ್ ಮೇಲೆ ಎಂಜಲು ಟ್ರೇಗಳು ಸಾಲಾಗಿ ಬರುತ್ತಿದ್ದವು. ಉಳಿದ ಊಟ ಕೆಡವಬೇಕು, ಚಮಚ ಬೇರೆ ಮಾಡಬೇಕು, ತಟ್ಟೆಗಳನ್ನು ಮಷಿನ್‌ಗೆ ಜೋಡಿಸಬೇಕು. ಬಿಸಿನೀರಿನ ಹಬೆಗೆ ಕನ್ನಡಕದಲ್ಲಿ ಏನೂ ಕಾಣುತ್ತಿರಲಿಲ್ಲ. ಗಂಟೆಗೆ 9 ಡಾಲರ್. ನಿಯತ್ತಿನ ಕೆಲಸ, ಸರಿಯಾದ ದಿನಕ್ಕೆ ಸಂಬಳ. ಇವತ್ತಿಗೂ ಆ ಕೆಲಸದ ಮೇಲೆ ನನಗೆ ಗೌರವ ಇದೆ.

ನಿಯಮ ಹೀಗಿದೆ. ಎಫ್-1 ವಿದ್ಯಾರ್ಥಿ ಕ್ಲಾಸ್ ನಡೆಯುವ ಸಮಯದಲ್ಲಿ ವಾರಕ್ಕೆ 20 ಗಂಟೆ ಕ್ಯಾಂಪಸ್ ಒಳಗೆ ಕೆಲಸ ಮಾಡಬಹುದು. ಬೇಸಿಗೆ ರಜೆ, ಚಳಿಗಾಲದ ರಜೆಯಲ್ಲಿ, ಮುಂದಿನ ಸೆಮಿಸ್ಟರ್‌ಗೆ ಓದು ಮುಂದುವರಿಸುವವರಾದರೆ, ಅದಕ್ಕಿಂತ ಜಾಸ್ತಿ ಮಾಡಬಹುದು. ಲೈಬ್ರರಿ, ಲ್ಯಾಬ್, ಡೈನಿಂಗ್ ಹಾಲ್, ಪುಸ್ತಕದ ಅಂಗಡಿ ಎಲ್ಲವೂ ಆಗುತ್ತೆ. ಕ್ಯಾಂಪಸ್ ಒಳಗೆ ವಿದ್ಯಾರ್ಥಿಗಳಿಗಾಗಿ ಖಾಸಗಿ ಕಂಪನಿ ನಡೆಸುವ ಕ್ಯಾಂಟೀನ್ ಕೂಡ ಆಗುತ್ತೆ. ಆದರೆ ಕ್ಯಾಂಪಸ್‌ನಲ್ಲಿ ಕಟ್ಟಡ ಕಟ್ಟಲು ಬಂದಿರುವ ಕಂಪನಿಯ ಕೆಲಸ ಆಗಲ್ಲ. ಅದು ವಿದ್ಯಾರ್ಥಿಗಳಿಗೆ ಸೇವೆ ಕೊಡುವ ಜಾಗ ಅಲ್ಲವಲ್ಲ.

ತುಂಬ ಜನ ಎಡವುವುದು ಈ 20ರ ಲೆಕ್ಕದಲ್ಲೇ. 20 ಗಂಟೆ ಅಂದರೆ ಒಂದೊಂದು ಕೆಲಸಕ್ಕೆ 20 ಅಲ್ಲ, ಎಲ್ಲ ಸೇರಿ 20. ನಿಮಗೆ ಟಿಎ (ಪಾಠಕ್ಕೆ ಸಹಾಯಕರ ಕೆಲಸ) ಅಥವಾ ಆರ್‌ಎ (ಸಂಶೋಧನೆಗೆ ಸಹಾಯಕರ ಕೆಲಸ) ಸಿಕ್ಕಿ, ಅದೇ 20 ಗಂಟೆಯದ್ದಾದರೆ ಅಲ್ಲಿಗೆ ಮುಗಿಯಿತು. ಇನ್ನೊಂದು ನಾಲ್ಕು ಗಂಟೆ ಲೈಬ್ರರಿಯಲ್ಲಿ ಕೂರುತ್ತೇನೆ ಅನ್ನುವ ಹಾಗಿಲ್ಲ. ಈ ವಾರ 25, ಮುಂದಿನ ವಾರ 15 ಅಂತ ಸರಿದೂಗಿಸುವುದಕ್ಕೂ ಬರುವುದಿಲ್ಲ.

ನನಗೂ ಒಮ್ಮೆ ಹೀಗಾಯಿತು. ಅಕ್ಟೋಬರ್‌ನಲ್ಲಿ ಒಂದು ಶುಕ್ರವಾರ ಬೇರೆ ಹುಡುಗ ಬರಲಿಲ್ಲ. "ಸ್ವಲ್ಪ ಹೊತ್ತು ಇರು" ಅಂತ ಸೂಪರ್‌ವೈಸರ್ ಕೇಳಿಕೊಂಡರು. ಇದ್ದೆ. ಆ ವಾರದ ಒಟ್ಟು 20 ಗಂಟೆ 40 ನಿಮಿಷ ಆಯಿತು. ಮುಂದಿನ ಬುಧವಾರ ವಿದೇಶಿ ವಿದ್ಯಾರ್ಥಿಗಳ ಆಫೀಸಿನಿಂದ ಕರೆ ಬಂತು. ಅಲ್ಲಿನ ಅಧಿಕಾರಿ, ಡಿಎಸ್‌ಒ ಮೇಡಂ, ನನ್ನ ಟೈಮ್‌ಶೀಟ್ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟಿದ್ದರು. 20:40 ಅನ್ನುವುದಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದರು. ಬೈಯಲಿಲ್ಲ. "ಗಂಟೆ ಲೆಕ್ಕ ಇಡುವುದು ನಿನ್ನ ಜವಾಬ್ದಾರಿ, ನಿನ್ನ ಸೂಪರ್‌ವೈಸರ್‌ದಲ್ಲ" ಅಂತಷ್ಟೇ ಹೇಳಿ ಎಚ್ಚರಿಕೆ ಕೊಟ್ಟು ಕಳಿಸಿದರು. ಎಲ್ಲ ಕಡೆ ಹಾಗೆ ಬಿಡುತ್ತಾರೆ ಅಂತ ನಂಬಿ ಕೂರಬೇಡಿ. ಅವತ್ತಿನಿಂದ ನಾನು ವಾರಕ್ಕೆ 19 ಗಂಟೆ ದಾಟಲಿಲ್ಲ. ಫೋನ್‌ನಲ್ಲಿ ದಿನದಿನದ ಲೆಕ್ಕ ಬರೆದಿಡುತ್ತಿದ್ದೆ.

ಡಿಎಸ್‌ಒ ಅಂದರೆ ನಿಮ್ಮ ಐ-20ಗೆ, ಅಂದರೆ ವಿಶ್ವವಿದ್ಯಾಲಯ ಕೊಟ್ಟ ಪ್ರವೇಶ ಪತ್ರಕ್ಕೆ, ಸಹಿ ಹಾಕಿರುವ ಅಧಿಕಾರಿ. ಸೆವಿಸ್ ಅನ್ನುವ ಸರ್ಕಾರಿ ಕಂಪ್ಯೂಟರ್ ದಾಖಲೆಯಲ್ಲಿ ನಿಮ್ಮ ಸ್ಥಿತಿಗತಿ ಬರೆಯುವವರು ಅವರೇ. ಕೆಲಸದ ವಿಷಯದಲ್ಲಿ ಸೀನಿಯರ್‌ಗಳನ್ನು, ವಾಟ್ಸಾಪ್ ಗುಂಪನ್ನು ಕೇಳುವ ಮೊದಲು ಅವರನ್ನು ಕೇಳಿ. ಈ ನಿಯಮಗಳು ಆಗಾಗ ಬದಲಾಗುತ್ತವೆ. ನಾನು ಬರೆದದ್ದನ್ನೂ ಅವರ ಹತ್ತಿರ ಖಾತ್ರಿ ಮಾಡಿಕೊಳ್ಳಿ.

ಈಗ ದುಡ್ಡಿನ ಲೆಕ್ಕ. 9 ಡಾಲರ್‌ನಂತೆ 20 ಗಂಟೆಗೆ 180. ನಾಲ್ಕು ವಾರಕ್ಕೆ 720, ತೆರಿಗೆಗೆ ಮುಂಚೆ. ಮೂವರು ಹಂಚಿಕೊಂಡ ಮನೆಯಲ್ಲಿ ನನ್ನ ಪಾಲಿನ ಬಾಡಿಗೆ 350. ಅಕ್ಕಿ, ಬೇಳೆ, ತರಕಾರಿ, ಫೋನ್ ಸೇರಿ ಇನ್ನೊಂದು ಇನ್ನೂರು. ಕೈಯಲ್ಲಿ ಚೂರು ಉಳಿಯುತ್ತಿತ್ತು. ಫೀಸಿಗೆ ಅದರಿಂದ ಒಂದು ಡಾಲರ್ ಕೂಡ ಹೋಗಲಿಲ್ಲ. ಇಡೀ ದೇಶದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ಅದಕ್ಕಿಂತ ಜಾಸ್ತಿ ಕೊಡುವ ರಾಜ್ಯಗಳೂ ಇವೆ, ಆದರೆ ಅಂಥ ಕಡೆ ಬಾಡಿಗೆಯೂ ಜಾಸ್ತಿ ಇರುತ್ತೆ. ಹಾಗಾಗಿ ನಿಮ್ಮ ತಂದೆಗೆ ಈಗಲೇ ಹೇಳಿಬಿಡಿ: ಕ್ಯಾಂಪಸ್ ಕೆಲಸ ಊಟ, ಬಾಡಿಗೆಗೆ ಆಗುತ್ತೆ, ಫೀಸಿಗೆ ಆಗಲ್ಲ. ಎರಡೂ ವರ್ಷದ ಫೀಸಿನ ವ್ಯವಸ್ಥೆ ಇಲ್ಲಿಂದಲೇ ಆಗಿರಬೇಕು.

ಫೀಸು ನಿಜವಾಗಿ ಕಡಿಮೆಯಾಗುವುದು ಟಿಎ, ಆರ್‌ಎ ಸಿಕ್ಕಿದರೆ. ಹಲವು ಕಡೆ ಅದರ ಜೊತೆ ಫೀಸಿನಲ್ಲಿ ರಿಯಾಯಿತಿ ಕೊಡುತ್ತಾರೆ. ನಿಮ್ಮ ವಿಭಾಗದ ಪ್ರೊಫೆಸರ್‌ಗಳಿಗೆ ಈಗಿನಿಂದಲೇ ಮೇಲ್ ಬರೆಯಿರಿ. ಕ್ಯಾಂಪಸ್ ಕೆಲಸವನ್ನು ಐ-20ಯಲ್ಲಿರುವ ಓದು ಶುರುವಾಗುವ ದಿನಾಂಕಕ್ಕಿಂತ 30 ದಿನ ಮೊದಲೇ ಶುರು ಮಾಡಲು ಅವಕಾಶ ಇದೆ. ಕೆಲಸ ಸಿಕ್ಕಿದ ಮೇಲೆ ಸೋಷಿಯಲ್ ಸೆಕ್ಯುರಿಟಿ ನಂಬರ್‌ಗೆ (ಸಂಬಳ, ತೆರಿಗೆಗೆ ಬೇಕಾದ ಸರ್ಕಾರಿ ಸಂಖ್ಯೆ) ಅರ್ಜಿ ಹಾಕಬೇಕು. ಅದಕ್ಕೆ ಕೆಲಸ ಕೊಟ್ಟವರಿಂದ ಒಂದು ಪತ್ರ, ಡಿಎಸ್‌ಒ ಇಂದ ಒಂದು ಪತ್ರ ಬೇಕು. ಕೆಲಸ ಸಿಗುವ ಮೊದಲೇ ಆ ನಂಬರ್ ಕೊಡುವ ಆಫೀಸಿಗೆ ಹೋಗಿ ನಿಂತರೆ ಸುಮ್ನೆ ವಾಪಸ್ ಕಳಿಸುತ್ತಾರೆ.

ಮೊದಲ ಪೇಸ್ಲಿಪ್ ಬಂದಾಗ ಕೂತು ಓದಿ. ನನ್ನ ಸಂಬಳದಲ್ಲಿ ಎರಡು ತಿಂಗಳು ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಅಂತ ಒಟ್ಟು ಶೇ. 7.65 ಮುರಿದುಕೊಂಡಿದ್ದರು. ಎಫ್-1 ವಿದ್ಯಾರ್ಥಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಆ ಎರಡೂ ಕಡಿತ ಇರುವುದಿಲ್ಲ. ಪಾಸ್‌ಪೋರ್ಟ್, ಐ-20 ಹಿಡಿದುಕೊಂಡು ಸಂಬಳದ ಆಫೀಸಿಗೆ ಹೋದೆ, ವಾಪಸ್ ಕೊಟ್ಟರು. ಇನ್ನೊಂದು ವಿಷಯ ನಮ್ಮವರಿಗೆ ಮಾತ್ರ ಅನುಕೂಲದ್ದು. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಭಾರತದ ವಿದ್ಯಾರ್ಥಿಗಳು ರಿಟರ್ನ್ ಹಾಕುವಾಗ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮೊದಲು ಆದಾಯದಲ್ಲಿ ಬಿಡುವ ನಿಗದಿತ ಮೊತ್ತ) ತೆಗೆದುಕೊಳ್ಳಬಹುದು. ಬೇರೆ ಹೆಚ್ಚಿನ ದೇಶಗಳ ವಿದ್ಯಾರ್ಥಿಗಳಿಗೆ ಅದಿಲ್ಲ. ಆ ರಿಟರ್ನ್‌ನ ಫಾರಂ 1040-ಎನ್‌ಆರ್ ತುಂಬುವಾಗ ನೆನಪಿರಲಿ.

ಈಗ ಆ ಗ್ಯಾಸ್ ಸ್ಟೇಷನ್ ವಿಷಯ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿದ್ದ ಒಬ್ಬ ಹುಡುಗ ಶನಿವಾರ, ಭಾನುವಾರ ರಾತ್ರಿ ಅಂಥ ಒಂದು ಕಡೆ ಹೋಗುತ್ತಿದ್ದ. ಗಂಟೆಗೆ 6 ಡಾಲರ್, ಕ್ಯಾಶ್. ಅಂದರೆ ಕನಿಷ್ಠ ಕೂಲಿಗಿಂತಲೂ ಕಡಿಮೆ. ಒಂದು ಸಲ ಮಾಲೀಕ ಮೂರು ವಾರದ ದುಡ್ಡು ಕೊಡದೆ "ಯಾರಿಗೆ ಬೇಕಾದರೂ ಹೇಳಿಕೋ" ಅಂದ. ಯಾರ ಹತ್ತಿರ ಹೋಗಿ ಹೇಳೋದು, ಹೇಳಿದರೆ ಮೊದಲು ತಾನೇ ಸಿಕ್ಕಿಬೀಳುತ್ತೇನೆ ಅನ್ನುವ ಭಯ ಅವನಿಗೆ. ಅವನನ್ನು ಯಾವ ಅಧಿಕಾರಿಯೂ ಹಿಡಿಯಲಿಲ್ಲ, ನಿಜ. ಆದರೆ ಮುಂದಿನ ವರ್ಷ ತಂಗಿಯ ಮದುವೆಗೆ ಅವನು ಊರಿಗೆ ಹೋಗಲಿಲ್ಲ. ವಾಪಸ್ ಬರುವಾಗ ಏರ್‌ಪೋರ್ಟ್‌ನಲ್ಲಿ ಕೇಳಿದರೆ ಏನು ಹೇಳಲಿ ಅಂತ ಹೆದರಿಕೊಂಡ. ಮದುವೆಯನ್ನು ಅಡುಗೆಮನೆಯಲ್ಲಿ ನಿಂತು ಫೋನ್‌ನಲ್ಲಿ ನೋಡಿದ. ನಾನು ಪಕ್ಕದಲ್ಲೇ ಇದ್ದೆ. ಧಾರೆ ಎರೆಯುವಾಗ ಅವನು ಫೋನ್ ಬೋರಲು ಹಾಕಿ ಹೊರಗೆ ಹೋದ.

ಕಾನೂನಿನಲ್ಲಿ ಇದು ಯಾಕೆ ಇಷ್ಟು ದೊಡ್ಡ ತಪ್ಪು ಅಂದರೆ, ಇದನ್ನು ಸರಿಪಡಿಸಿಕೊಳ್ಳುವ ದಾರಿ ಇಲ್ಲ. ಕೈಮೀರಿದ ಕಾರಣಕ್ಕೆ ಕ್ರೆಡಿಟ್ (ಸೆಮಿಸ್ಟರ್‌ಗೆ ಓದಬೇಕಾದ ವಿಷಯಗಳ ಲೆಕ್ಕ) ಕಡಿಮೆಯಾಗಿ ಸ್ಟೇಟಸ್, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿರುವ ಹಕ್ಕು, ಹೋದರೆ ಅದನ್ನು ಮರಳಿ ಕೊಡಿ ಅಂತ ಅರ್ಜಿ ಹಾಕುವ ದಾರಿ ಇದೆ. ಅನುಮತಿ ಇಲ್ಲದೆ ಕೆಲಸ ಮಾಡಿದವರಿಗೆ ಆ ದಾರಿಯನ್ನೇ ಮುಚ್ಚಿದ್ದಾರೆ. ಕ್ಯಾಶ್ ತೆಗೆದುಕೊಂಡರೂ ಅಷ್ಟೇ. ಗೆಳೆಯನ ಹೆಸರಿನ ಅಕೌಂಟ್‌ನಲ್ಲಿ ಊಟ ಡೆಲಿವರಿ ಮಾಡಿದರೂ ಅಷ್ಟೇ. "ಒಂದು ತಿಂಗಳು ಪುಕ್ಕಟೆ ಕಲಿತುಕೋ" ಅಂತ ಹೋಟೆಲಿನವರು ಕರೆದರೂ ಹೋಗಬೇಡಿ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ಅದನ್ನು ಕೆಲಸ ಅಂತಲೇ ಎಣಿಸಬಹುದು. ಓದಿನ ಮಧ್ಯೆ ನಿಜಕ್ಕೂ ಮನೆ ಪರಿಸ್ಥಿತಿ ಕೆಟ್ಟರೆ, ಒಂದು ಶೈಕ್ಷಣಿಕ ವರ್ಷ ಮುಗಿದ ಮೇಲೆ ಆರ್ಥಿಕ ಕಷ್ಟದ ಆಧಾರದಲ್ಲಿ ಹೊರಗಡೆ ಕೆಲಸಕ್ಕೆ ಅನುಮತಿ ಕೇಳಬಹುದು. ನೀವು ಬರುವಾಗ ಗೊತ್ತಿರದ ಕಷ್ಟ ಆಗಿರಬೇಕು, ಅನುಮತಿಯ ಕಾರ್ಡ್ ಕೈಗೆ ಬಂದ ಮೇಲೆ ಶುರು ಮಾಡಬೇಕು.

ಹೊರಗಿನ ಕಂಪನಿಯ ಇಂಟರ್ನ್‌ಶಿಪ್‌ಗೆ ಸಿಪಿಟಿ ಅಂತ ದಾರಿ ಇದೆ. ಸಾಮಾನ್ಯವಾಗಿ ಎರಡು ಸೆಮಿಸ್ಟರ್ ಮುಗಿದಿರಬೇಕು, ಕೆಲಸ ನಿಮ್ಮ ಓದಿನ ಭಾಗವಾಗಿರಬೇಕು. ಡಿಎಸ್‌ಒ ಒಪ್ಪಿದರೆ ಹೊಸ ಐ-20ಯ ಎರಡನೇ ಪುಟದಲ್ಲಿ ಕಂಪನಿಯ ಹೆಸರು, ಶುರುವಿನ ದಿನ, ಮುಗಿಯುವ ದಿನ ಅಚ್ಚಾಗಿ ಬರುತ್ತೆ. ಆ ದಿನಕ್ಕಿಂತ ಒಂದು ದಿನ ಮುಂಚೆಯೂ ಲ್ಯಾಪ್‌ಟಾಪ್ ತೆರೆಯಬೇಡಿ. ಫುಲ್‌ಟೈಮ್ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಡಿಗ್ರಿಗೆ ಓಪಿಟಿ, ಅಂದರೆ ಓದು ಮುಗಿದ ಮೇಲೆ ಕೆಲಸ ಮಾಡುವ ಅನುಮತಿ, ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಕಳೆದುಕೊಂಡವರಿದ್ದಾರೆ.

"ಮೊದಲ ದಿನದಿಂದಲೇ ಸಿಪಿಟಿ ಕೊಡುತ್ತೇವೆ, ಕ್ಲಾಸಿಗೆ ಬರುವುದೇ ಬೇಡ" ಅನ್ನುವ ಜಾಗಗಳಿಂದ ದೂರ ಇರಿ. 2019ರ ಜನವರಿ ನೆನಪಿದೆಯಾ? ಮಿಷಿಗನ್‌ನ ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್ ಅನ್ನುವುದು ಸರ್ಕಾರಿ ಅಧಿಕಾರಿಗಳೇ ಗುಟ್ಟಾಗಿ ಹೂಡಿದ ಬಲೆ ಆಗಿತ್ತು. ಕ್ಲಾಸೂ ಇಲ್ಲ, ಮೇಷ್ಟ್ರೂ ಇಲ್ಲ. ಮೊದಲ ಸುತ್ತಿನಲ್ಲೇ ನೂರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳನ್ನು ಬಂಧಿಸಿದರು. ಆ ವಾರ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಓಪಿಟಿ ಬಗ್ಗೆ ಇಷ್ಟು ಸಾಕು: ಡಿಗ್ರಿ ಮುಗಿಯುವ 90 ದಿನ ಮೊದಲಿನಿಂದ ಮುಗಿದ 60 ದಿನದವರೆಗೆ ಅರ್ಜಿ ಹಾಕಬಹುದು, 12 ತಿಂಗಳು ಸಿಗುತ್ತೆ. ಅದರಲ್ಲಿ ಕೆಲಸವಿಲ್ಲದೆ ಒಟ್ಟು 90 ದಿನ ಮಾತ್ರ ಇರಬಹುದು. ನಿಮ್ಮದು ಕಂಪ್ಯೂಟರ್ ಸೈನ್ಸ್ ಅಂದಿರಿ, ಹಾಗಾದರೆ ಇನ್ನೂ 24 ತಿಂಗಳ ವಿಸ್ತರಣೆಗೆ ಅವಕಾಶ ಇದೆ, ಕಂಪನಿ ಇ-ವೆರಿಫೈನಲ್ಲಿ (ನೌಕರರ ಕೆಲಸದ ಅನುಮತಿ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆ) ಇರಬೇಕು.

ಕೊನೆಗೆ ವೆಬ್‌ಸೈಟ್ ಕೆಲಸ. ಕ್ಲೈಂಟ್ ಬೆಂಗಳೂರಿನಲ್ಲಿದ್ದರೂ, ದುಡ್ಡು ದಾವಣಗೆರೆಯ ಅಕೌಂಟಿಗೆ ಬಂದರೂ, ಕೂತು ಕೆಲಸ ಮಾಡುವವರು ನೀವು, ಅಮೆರಿಕದ ನೆಲದಲ್ಲಿ. ಅದನ್ನು ಅನುಮತಿ ಇಲ್ಲದ ಕೆಲಸ ಅಂತ ನೋಡುವ ಸಾಧ್ಯತೆ ಇದೆ. ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ. ಬ್ಯಾಂಕ್ ಬಡ್ಡಿ, ಈಗಾಗಲೇ ಕೊಂಡಿರುವ ಷೇರಿನ ಡಿವಿಡೆಂಡ್ ಬಂದರೆ ಅಡ್ಡಿಯಿಲ್ಲ, ಅದು ದುಡಿಮೆ ಅಲ್ಲ. ಹೊರಡಲು ಇನ್ನೂ ಸಮಯ ಇದೆ ಅಲ್ವಾ? ಕೈಯಲ್ಲಿರುವ ವೆಬ್‌ಸೈಟ್‌ಗಳನ್ನು ಜುಲೈ ಒಳಗೆ ಮುಗಿಸಿಕೊಡಿ. ನಂಬಿಕೆಯ ಗೆಳೆಯರಿದ್ದರೆ ಕ್ಲೈಂಟ್‌ಗಳನ್ನು ಅವರಿಗೆ ಪರಿಚಯ ಮಾಡಿಕೊಡಿ. ಬಾಕಿ ದುಡ್ಡನ್ನೆಲ್ಲ ವಸೂಲಿ ಮಾಡಿಕೊಂಡೇ ವಿಮಾನ ಹತ್ತಿ, ಮೊದಲ ತಿಂಗಳ ಬಾಡಿಗೆಗೆ ಆಗುತ್ತೆ.