ಕ್ರೈಸ್ತರಲ್ಲಿ ಊಟ ಮಾಡಿ ತೇಗುವುದು ಪಾಪವಾ? ಬಾಯಿ ಹಿಡಿತದಲ್ಲಿಡುವ ಬಗ್ಗೆ ಬೈಬಲ್ ಏನು ಹೇಳುತ್ತದೆ?

ನೀವು ಕೇಳಿದ್ದು ಇಷ್ಟು: ಬದಿಯಡ್ಕ ಕಡೆಯ ಕ್ರೈಸ್ತ ಗೆಳೆಯನ ಮನೆಯಲ್ಲಿ ಊಟ ಮಾಡಿ ಗಟ್ಟಿಯಾಗಿ ತೇಗಿದಿರಿ, ಅವನ ಅಜ್ಜಿ ಮುಖ ಸಿಂಡರಿಸಿದರು. "ನಮ್ಮಲ್ಲಿ ಅದೆಲ್ಲ ಆಗುವುದಿಲ್ಲ" ಎಂದು ಗೆಳೆಯ ಆಮೇಲೆ ಹೇಳಿದ. ಹಾಗಾದರೆ ತೇಗು, ಆಕಳಿಕೆ, ಉಗುಳುವುದು ನಿಮ್ಮ ಧರ್ಮದಲ್ಲಿ ಪಾಪವಾ? ನಾಲಿಗೆಯ ಬಗ್ಗೆ ಬೈಬಲ್ ಏನು ಹೇಳುತ್ತದೆ?

ನಾನು ಕುಂಬಳೆ ಕಡೆಯ ಕೊಂಕಣಿ ಕ್ಯಾಥೊಲಿಕ್. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮೀಡಿಯಂ. ಭಾನುವಾರ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಹೇಳಿಕೊಡುತ್ತೇನೆ. ನಾಲ್ಕನೇ ಕ್ಲಾಸಿನ ಮಕ್ಕಳೂ ಇದನ್ನೇ ಕೇಳುತ್ತಾರೆ. ತೇಗಿನ ಬದಲು ಹೂಸಿನ ಬಗ್ಗೆ ಕೇಳುತ್ತಾರೆ, ಅಷ್ಟೇ.

ಪಾಪ ಅಲ್ಲ ಮಾರಾಯ್ರೆ. ಗೊತ್ತಿದ್ದೂ ಮನಸಾರೆ ಮಾಡಿದ ತಪ್ಪಿಗೆ ಮಾತ್ರ ನಮ್ಮಲ್ಲಿ ಪಾಪ ಅನ್ನುತ್ತಾರೆ. ಹೊಟ್ಟೆಯ ಗಾಳಿ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲವಲ್ಲ. ಮತ್ತಾಯನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಈ ವಿಷಯವನ್ನು ನೇರವಾಗಿಯೇ ಎತ್ತುತ್ತಾರೆ. ಶಿಷ್ಯರು ಕೈ ತೊಳೆಯದೆ ಉಂಡರು ಎಂದು ಫರಿಸಾಯರು, ಅಂದರೆ ಕಟ್ಟಳೆ ಬಿಗಿಯಾಗಿ ಪಾಲಿಸುವ ಯೆಹೂದಿ ಪಂಥದವರು, ದೂರು ತಂದಿದ್ದರು. ಬಾಯೊಳಗೆ ಹೋದದ್ದು ಹೊಟ್ಟೆಗೆ ಹೋಗಿ ಹೊರಬೀಳುತ್ತದೆ, ಮನುಷ್ಯನನ್ನು ಕೆಡಿಸುವುದು ಮನಸ್ಸಿನಿಂದ ಎದ್ದು ಬಾಯಿಂದ ಹೊರಬರುವುದು ಎಂಬುದು ಅವರು ಕೊಟ್ಟ ಉತ್ತರ. (ಕೈ ತೊಳೆಯಬೇಡಿ ಅಂತ ಅರ್ಥ ಅಲ್ಲ. ಮಕ್ಕಳಿಗೆ ಇದನ್ನು ಪ್ರತಿ ವರ್ಷ ಹೇಳಬೇಕಾಗುತ್ತದೆ.)

ಉಗುಳಿನ ವಿಷಯ ಇನ್ನೂ ಸ್ವಾರಸ್ಯ. ಯೋಹಾನನ 9ನೇ ಅಧ್ಯಾಯದಲ್ಲಿ ಯೇಸು ನೆಲಕ್ಕೆ ಉಗುಳಿ, ಆ ಕೆಸರನ್ನು ಹುಟ್ಟುಕುರುಡನ ಕಣ್ಣಿಗೆ ಹಚ್ಚುತ್ತಾರೆ. ಮಾರ್ಕನ 7ರಲ್ಲಿ ಕಿವುಡನೊಬ್ಬನ ನಾಲಿಗೆ ಮುಟ್ಟುವಾಗಲೂ ಉಗುಳಿನ ಮಾತು ಬರುತ್ತದೆ. ದೇಹದಿಂದ ಬರುವುದೆಲ್ಲ ಮೈಲಿಗೆ ಎಂಬ ಲೆಕ್ಕ ಅಲ್ಲಿಲ್ಲ. ಆದರೂ ನಮ್ಮ ಮನೆಗಳಲ್ಲಿ ಎಂಜಲು ನೋಡುತ್ತಾರೆ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುತ್ತಾರೆ. ಅದು ಇಗರ್ಜಿ, ಅಂದರೆ ಚರ್ಚು, ಕಲಿಸಿದ್ದಲ್ಲ, ಈ ನೆಲದ್ದು. ನಾವೂ ಇಲ್ಲಿಯವರೇ ಅಲ್ವಾ?

ಹೂಸಿನ ಪ್ರಶ್ನೆ ಕೇಳುವ ಮಕ್ಕಳಿಗೆ ನಾನು ಸಂತ ಅಗಸ್ಟೀನರ ಕಥೆ ಹೇಳುತ್ತೇನೆ. 5ನೇ ಶತಮಾನದಲ್ಲಿ ಬರೆದ ದೊಡ್ಡ ಗ್ರಂಥದ 14ನೇ ಭಾಗದಲ್ಲಿ ಅವರು ದೇಹವನ್ನು ಬೇಕಾದಂತೆ ಆಡಿಸಬಲ್ಲವರ ಪಟ್ಟಿ ಕೊಡುತ್ತಾರೆ. ಒಬ್ಬ ಕಿವಿ ಅಲ್ಲಾಡಿಸುತ್ತಾನೆ, ಇನ್ನೊಬ್ಬ ಹಕ್ಕಿಯಂತೆ ಕೂಗುತ್ತಾನೆ, ಮತ್ತೆ ಕೆಲವರು ಹಿಂಬದಿಯಿಂದ ವಾಸನೆಯಿಲ್ಲದೆ ಹಾಡಿನಂಥ ಸ್ವರ ಹೊರಡಿಸುತ್ತಾರಂತೆ! ಅವರು ಇದನ್ನು ಬರೆದದ್ದು ತಮಾಷೆಗಲ್ಲ. ಮನುಷ್ಯ ಪಾಪಕ್ಕೆ ಬೀಳುವ ಮೊದಲು ದೇಹ ಪೂರ್ತಿಯಾಗಿ ಮನಸ್ಸಿನ ಮಾತು ಕೇಳುತ್ತಿತ್ತು ಅನ್ನಲು ಅದು ಅವರ ಸಾಕ್ಷಿ. ತರಗತಿಯಲ್ಲಿ ಮಾತ್ರ ಈ ವಾದದವರೆಗೆ ಹೋಗಲು ಯಾರೂ ಬಿಡುವುದಿಲ್ಲ.

ಪಾಪ ಅಲ್ಲ ಅಂದ ಕೂಡಲೇ ಹೇಗೆ ಬೇಕಾದರೂ ಇರಬಹುದು ಅಂತಲ್ಲ. ಪಂಕ್ತಿಯ ಮರ್ಯಾದೆಗೆ ಬೈಬಲಿನಲ್ಲಿ ಒಂದು ಭಾಗವೇ ಇದೆ. ಸಿರಾಖನ ಗ್ರಂಥ, 31ನೇ ಅಧ್ಯಾಯ. ಕ್ರಿಸ್ತಪೂರ್ವ 2ನೇ ಶತಮಾನದ ಯೆಹೂದಿ ಮೇಷ್ಟ್ರೊಬ್ಬರ ಬುದ್ಧಿಮಾತು ಅದು. (ಸಿ.ಎಸ್.ಐ. ಎಂಬ ಪ್ರೊಟೆಸ್ಟೆಂಟ್ ಸಭೆಯವರು ಸಾಮಾನ್ಯವಾಗಿ ಓದುವ ಬೈಬಲಿನಲ್ಲಿ ಈ ಗ್ರಂಥ ಇರುವುದಿಲ್ಲ, ನಮ್ಮದರಲ್ಲಿ ಇದೆ.) ಕಣ್ಣಿಗೆ ಕಂಡದ್ದಕ್ಕೆಲ್ಲ ಕೈ ಚಾಚಬೇಡ. ಪಾತ್ರೆಯ ಹತ್ತಿರ ಪಕ್ಕದವನನ್ನು ತಳ್ಳಬೇಡ. ಮುಂದಿಟ್ಟದ್ದನ್ನು ಮನುಷ್ಯರ ಹಾಗೆ ತಿನ್ನು. ತುಂಬ ಜನ ಕೂತಿರುವಾಗ ಎಲ್ಲರಿಗಿಂತ ಮೊದಲು ಕೈ ಹಾಕಬೇಡ, ಆದರೆ ಸಾಕು ಅನ್ನುವವರಲ್ಲಿ ಮೊದಲಿಗನಾಗು. ಜಾಸ್ತಿ ತಿಂದು ಹೊಟ್ಟೆ ಭಾರವಾದರೆ ಏನು ಮಾಡಬೇಕು ಅಂತಲೂ ಇದೆ: ಎದ್ದು ಹೋಗಿ ವಾಂತಿ ಮಾಡು, ಹಗುರವಾಗುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ಆ ಮೇಷ್ಟ್ರ ಮೇಲೆ ಪ್ರೀತಿ ಬರುತ್ತದೆ. ಮುಂದಿನ ಅಧ್ಯಾಯದ ಶುರುವಿನಲ್ಲಿ ಔತಣದ ಯಜಮಾನನಿಗೂ ಒಂದು ಮಾತಿದೆ: ಮೊದಲು ಎಲ್ಲರನ್ನೂ ನೋಡಿಕೋ, ಆಮೇಲೆ ನೀನು ಕೂತುಕೋ.

ತೇಗು, ಸೀನಿಗೇ ಕಟ್ಟಳೆ ಬೇಕಾದರೆ ಸುಮಾರು ಕ್ರಿ.ಶ. 200ರ ಕ್ರೈಸ್ತ ಗುರು, ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಇದ್ದಾರೆ. ಪಕ್ಕದವರು ಬೆಚ್ಚಿಬೀಳುವಂತೆ ಸೀನಬೇಡಿ. ಗಂಟಲಿಗೆ ಬಂದ ಗಾಳಿಯನ್ನು ಬಾಯಿ ಅಗಲಿಸದೆ ಉಸಿರಿನ ಜೊತೆ ಮೆಲ್ಲಗೆ ಬಿಡಿ. ಔತಣದಲ್ಲಿ ಕ್ಯಾಕರಿಸುವುದು, ಪದೇಪದೇ ಉಗುಳುವುದು ಬೇಡ. ಬಾಯಿ ತುಂಬ ಅನ್ನ ಇಟ್ಟುಕೊಂಡು ಮಾತಾಡಬೇಡಿ. ಅದಾಗಿ ಸಾವಿರದ ಐನೂರು ವರ್ಷಗಳ ನಂತರ, 1703ರಲ್ಲಿ, ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ತಮ್ಮ ಶಾಲೆಗಳಿಗೆ ಕ್ರೈಸ್ತ ಸಭ್ಯತೆಯ ಬಗ್ಗೆ ಪುಸ್ತಕವನ್ನೇ ಬರೆದರು. ಮೂಗು ಸೀಟುವುದು, ಆಕಳಿಕೆ, ಕೆಮ್ಮು, ಉಗುಳು, ಎಲ್ಲಕ್ಕೂ ಅದರಲ್ಲಿ ಪಾಠ ಇದೆ. ನಿಮ್ಮ ಗೆಳೆಯನ ಅಜ್ಜಿ ಸಿಸ್ಟರುಗಳ ಹತ್ತಿರ ಓದಿದವರಾದರೆ ಆ ಮುಖ ಸಿಂಡರಿಸಿದ್ದರ ಮೂಲ ಹೀಗೇ ಎಲ್ಲೋ ಇರಬಹುದು. ಅದಿಲ್ಲದಿದ್ದರೆ ಅದು ಅವರ ಸ್ವಭಾವ. ಎರಡಕ್ಕೂ ನರಕದ ಸಂಬಂಧ ಇಲ್ಲ.

ಇಲ್ಲೆಲ್ಲ ಅಳತೆಗೋಲು ಶುದ್ಧ ಅಶುದ್ಧದ್ದಲ್ಲ, ಪಕ್ಕದಲ್ಲಿ ಕೂತವರದ್ದು. ಸಂತ ಪೌಲ ಕೊರಿಂಥ ಪಟ್ಟಣದ ಕ್ರೈಸ್ತರನ್ನು ಬೈದದ್ದೂ ಇದಕ್ಕೇ. ಪ್ರಭುವಿನ ಭೋಜನಕ್ಕೆ ಅಂತ ಸೇರಿ ಉಳ್ಳವರು ಮೊದಲೇ ತಿಂದು ಮುಗಿಸುತ್ತಿದ್ದರು. ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬನಿಗೆ ಅಮಲೇರಿರುತ್ತದೆ. ಒಬ್ಬರಿಗೊಬ್ಬರು ಕಾಯಿರಿ ಎಂದು ಬರೆದರು. ನಮ್ಮ ಮೊಂತಿ ಫೆಸ್ತಿನ ಊಟಕ್ಕೆ ಒಮ್ಮೆ ಬನ್ನಿ, ಈ ಕಾಯುವುದು ಕಣ್ಣಿಗೇ ಕಾಣುತ್ತದೆ. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ಇಗರ್ಜಿಯಿಂದ ತಂದ ಹೊಸ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಒಬ್ಬೊಬ್ಬರಿಗೂ ಕೊಡುತ್ತಾರೆ. ಎದುರಿಗೆ ಬಾಳೆಎಲೆ ತುಂಬ ತರಕಾರಿ ಪಲ್ಯಗಳು, ಮೂಗಿಗೆ ಒಗ್ಗರಣೆ ವಾಸನೆ. ಆದರೂ ಎಲ್ಲರಿಗೂ ಹೊಸತು ಸಿಗುವವರೆಗೆ ಯಾರೂ ಎಲೆ ಮುಟ್ಟುವುದಿಲ್ಲ. ಚಿಕ್ಕ ಮಕ್ಕಳು ಮಾತ್ರ ಬೆರಳಿನ ತುದಿಯಲ್ಲಿ ಉಪ್ಪು ನೆಕ್ಕುತ್ತಿರುತ್ತಾರೆ.

ಹಸಿವನ್ನು ತಡೆಯುವ ಅಭ್ಯಾಸವೂ ಇದರದ್ದೇ ಭಾಗ. ಈಗ ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಮೊದಲು ಒಂದು ಗಂಟೆ ನೀರು, ಔಷಧಿ ಬಿಟ್ಟು ಏನೂ ತೆಗೆದುಕೊಳ್ಳಬಾರದು. 1964ರಲ್ಲಿ ಬಂದ ಸಡಿಲಿಕೆ ಇದು. ಅದಕ್ಕೆ ಮುಂಚೆ, 1957ರಿಂದ, ಊಟಕ್ಕೆ ಮೂರು ಗಂಟೆಯ ಅಂತರ. 1953ಕ್ಕಿಂತ ಹಿಂದೆ ನಡುರಾತ್ರಿಯಿಂದ ಹನಿ ನೀರೂ ಇಲ್ಲ. ಹಳಬರು ಗುಡ್ಡ ಹತ್ತಿ ಇಳಿದು ಬೇಳದ ಶೋಕಮಾತೆಯ ಇಗರ್ಜಿಗೆ ನಡೆಯುತ್ತಿದ್ದದ್ದು ಆ ಹಸಿವಿನಲ್ಲೇ. ಎಲೆಅಡಿಕೆ ಬಿಟ್ಟಿರಲಾರದವರಿಗೆ ಅನ್ನಕ್ಕಿಂತ ಅದೇ ದೊಡ್ಡ ಉಪವಾಸವಂತೆ.

ಹೊಟ್ಟೆಬಾಕತನ ಮಾತ್ರ ಪಾಪಗಳ ಪಟ್ಟಿಯಲ್ಲಿದೆ. 6ನೇ ಶತಮಾನದ ಪೋಪ್ ಗ್ರೆಗರಿ ಅದನ್ನು ಐದು ಬಗೆಯಾಗಿ ಬಿಡಿಸಿದ್ದಾರೆ. ಜಾಸ್ತಿ ತಿನ್ನುವುದು ಅದರಲ್ಲಿ ಒಂದು ಅಷ್ಟೇ. ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದ್ದೇ ಬೇಕು ಅನ್ನುವುದು, ಗಬಗಬ ನುಂಗುವುದು, ಅಡುಗೆ ಹೀಗೇ ಆಗಬೇಕು ಅಂತ ಹಟ ಹಿಡಿಯುವುದು ಉಳಿದವು. ಮದುವೆಯ ಮನೆಯಲ್ಲಿ ಎರಡೇ ತುಂಡು ಹಾಕಿಸಿಕೊಂಡು, ಡುಕ್ರಮಾಸಿಗೆ (ಹಂದಿಮಾಂಸಕ್ಕೆ) ಖಾರ ಸಾಲದು, ಇಡ್ಲಿಯಂಥ ಸನ್ನಾ ಉಬ್ಬಿಲ್ಲ ಎಂದು ಕೈ ತೊಳೆಯುವವರೆಗೂ ಹೇಳುವ ಮಾವಂದಿರು ಆ ಕೊನೆಯ ಬಗೆಯವರು.

ಇನ್ನು ನಾಲಿಗೆ. ನಿಜವಾದ ಕಷ್ಟ ಇಲ್ಲಿರುವುದು. ಯಕೋಬನ ಪತ್ರದ 3ನೇ ಅಧ್ಯಾಯ ಓದಿ, ಐದು ನಿಮಿಷ ಸಾಕು. ಮೃಗ, ಪಕ್ಷಿ, ಹಾವು ಎಲ್ಲವನ್ನೂ ಪಳಗಿಸಿದ ಮನುಷ್ಯನಿಗೆ ನಾಲಿಗೆಯನ್ನು ಪಳಗಿಸಲು ಆಗಿಲ್ಲ ಅನ್ನುತ್ತಾನೆ ಯಕೋಬ. ಒಂದೇ ಬಾಯಿಂದ ದೇವರ ಸ್ತುತಿ, ಅದೇ ಬಾಯಿಂದ ಮನುಷ್ಯರಿಗೆ ಶಾಪ. ನಮ್ಮ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದು, ಚಿಕ್ಕವರು ಹಿರಿಯರಲ್ಲಿ ಬೆಸಾಂವ್ (ಆಶೀರ್ವಾದ) ಕೇಳಿ ಏಳುತ್ತಾರೆ. ಜಪಮಾಲೆ ಇನ್ನೂ ಕೈಯಲ್ಲೇ ಇರುತ್ತದೆ, "ಅಲ್ಲ, ಆಚೆ ಮನೆಯವಳ ಸುದ್ದಿ ಕೇಳಿದಿರಾ" ಶುರುವಾಗಿರುತ್ತದೆ.

ಕ್ಯಾಥೊಲಿಕ್ ಸಭೆಯ 1992ರ ಧರ್ಮೋಪದೇಶ ಗ್ರಂಥ ಇದನ್ನು ಸುಳ್ಳುಸಾಕ್ಷಿ ಹೇಳಬೇಡ ಎಂಬ ಎಂಟನೆಯ ಆಜ್ಞೆಯ ಕೆಳಗೆ ಬಿಡಿಸಿ ಹೇಳುತ್ತದೆ. ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸುವುದು ತಪ್ಪು ಅಂತ ಎಲ್ಲರಿಗೂ ಗೊತ್ತು. ಸರಿಯಾದ ಆಧಾರ ಇಲ್ಲದೆ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುವುದೂ ತಪ್ಪು. ಮೂರನೆಯದು ಕೇಳಿದರೆ ಜನ ವಾದಕ್ಕೇ ಬರುತ್ತಾರೆ: ಒಬ್ಬರ ನಿಜವಾದ ತಪ್ಪನ್ನೇ, ತಕ್ಕ ಕಾರಣ ಇಲ್ಲದೆ, ಗೊತ್ತಿಲ್ಲದವರಿಗೆ ಹೇಳುವುದು. "ಇದ್ದದ್ದನ್ನೇ ಹೇಳಿದೆ, ಅದರಲ್ಲೇನು?" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ, ಆಮೇಲೆ ಪೇಟೆಯ ಚಹಾದಂಗಡಿಯಲ್ಲಿ, ಈಗ ವಾಟ್ಸಾಪಿನಲ್ಲಿ ನಾವು ಆಡುವ ಮಾತಿನಲ್ಲಿ ಅರ್ಧಕ್ಕರ್ಧ ಈ ಜಾತಿಯದ್ದು. ನನ್ನ ಲೆಕ್ಕದಲ್ಲಿ ತೇಗಿಗೆ ಮುಖ ಸಿಂಡರಿಸುವ ಮನೆಗಳು ಇದಕ್ಕೆ ಸಿಂಡರಿಸುವುದು ಕಡಿಮೆ.

ಪಾದ್ರಿಯ ಹತ್ತಿರ ತಪ್ಪು ಒಪ್ಪಿಕೊಂಡು ಪಾಪನಿವೇದನೆ ಮಾಡಿದರೆ ಮುಗಿಯಿತೇ? ಇಲ್ಲ. ಕೆಡಿಸಿದ ಹೆಸರನ್ನು ಆದಷ್ಟು ಸರಿಮಾಡಿಕೊಡಬೇಕು ಅಂತಲೂ ಅಲ್ಲೇ ಇದೆ. ಸುಳ್ಳಾದರೆ, ಯಾರಿಗೆ ಹೇಳಿದ್ದಿರೋ ಅವರ ಹತ್ತಿರವೇ ಹೋಗಿ ಅದು ಸುಳ್ಳು ಅನ್ನಬಹುದು. ನಿಜವಾಗಿದ್ದರೆ ಏನಂತ ವಾಪಸ್ ತೆಗೆದುಕೊಳ್ಳುತ್ತೀರಿ? ಆ ಮನುಷ್ಯನ ಒಳ್ಳೆಯದನ್ನು ಹೇಳಿಕೊಂಡು ತಿರುಗಬೇಕು, ಬೇರೆ ದಾರಿ ಇಲ್ಲ. ಪಾದ್ರಿಗಳಿಗಂತೂ ಇದಕ್ಕಿಂತ ಬಿಗಿ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ. ಬೇಕೆಂದೇ ನೇರವಾಗಿ ಬಯಲು ಮಾಡಿದವರು ಆ ಕ್ಷಣವೇ ಸಭೆಯಿಂದ ಬಹಿಷ್ಕೃತರು.

ಆಣೆ ಹಾಕುವುದೂ ಇದರಲ್ಲೇ ಬರುತ್ತದೆ. ಮಾತಿಗೊಂದು "ದೇವರಾಣೆ" ಅನ್ನುವುದು ನಮ್ಮೂರಲ್ಲಿ ಎಲ್ಲ ಜಾತಿಗೂ ಇದೆ. ಆಣೆಯೇ ಬೇಡ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದು ಯೇಸು ಬೆಟ್ಟದ ಪ್ರಸಂಗದಲ್ಲೇ ಹೇಳಿದ್ದಾರೆ. ಯಾರು ಕೇಳುತ್ತಾರೆ, ಬಿಡಿ.

ಇಷ್ಟೆಲ್ಲ ಹೇಳಿದ ಮೇಲೆ, ಸುಮ್ನೆ ಬಾಯಿ ಮುಚ್ಚಿಕೊಂಡಿರುವುದೇ ಧರ್ಮ ಅಂದುಕೊಳ್ಳಬೇಡಿ. "ತಕ್ಕ ಕಾರಣ ಇಲ್ಲದೆ" ಎಂಬ ಮಾತನ್ನು ಮರೆಯಬಾರದು. ನಮ್ಮ ಕಡೆ ಮದುವೆ ಮಾತಾಗುವಾಗ ಹುಡುಗಿಯ ಕಡೆಯವರು ನೆರೆಮನೆಗೆ ಫೋನ್ ಮಾಡಿ ಹುಡುಗ ಹೇಗೆ ಅಂತ ವಿಚಾರಿಸುತ್ತಾರೆ. ಅವನು ಕುಡಿದು ತಾಯಿಗೆ ಹೊಡೆಯುವುದನ್ನು ನೀವು ಕಣ್ಣಾರೆ ಕಂಡಿದ್ದರೆ, "ಒಳ್ಳೆ ಹುಡುಗ" ಅಂದು ಫೋನ್ ಇಡುವುದು ನಾಲಿಗೆಯ ಹಿಡಿತ ಅಲ್ಲ, ಆ ಹುಡುಗಿಗೆ ಮಾಡುವ ಮೋಸ. ಕೇಳಿದವರಿಗೆ ಕಂಡಷ್ಟನ್ನೇ ಹೇಳಿ. ಅವನ ತಂದೆಯ ಸಾಲ, ಅಕ್ಕನ ಮದುವೆ ಮುರಿದ ಕಥೆ ಅವರು ಕೇಳಿಲ್ಲ, ಅದು ಬೇಡ. ಫೋನ್ ಇಟ್ಟ ಮೇಲೆ ಒಳಗಿನಿಂದ "ಯಾರದ್ದು ಫೋನು, ಏನಂತೆ?" ಅಂತ ಕೇಳುತ್ತಾರೆ. ಅವರಿಗೆ ಹೇಳಬೇಕಾಗಿಲ್ಲ.