ಓದುಗರ ಪ್ರಶ್ನೆಗಳು: ಅಮೆರಿಕದ 50 ರಾಜ್ಯಗಳನ್ನು ಯಾವ ಲೆಕ್ಕದಲ್ಲಿ ನೋಡುವುದು?

ಅಮೆರಿಕದೊಳಗಿನ ಪ್ರವಾಸದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಎಲ್ಲ 50 ರಾಜ್ಯಗಳನ್ನೂ ನೋಡಬೇಕೆಂದು ಆಸೆ. ವಿಮಾನ ಬದಲಿಸಲು ಇಳಿದ ರಾಜ್ಯವನ್ನೂ ಲೆಕ್ಕಕ್ಕೆ ಹಿಡಿಯಬಹುದೇ? ಎಲ್ಲಿಂದ ಶುರು ಮಾಡುವುದು? (ನ್ಯೂಜೆರ್ಸಿ)

ಪಟ್ಟಿ ನಿಮ್ಮದು, ನಿಯಮವೂ ನಿಮ್ಮದೇ. ಆದರೆ ನಿಯಮವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಇಲ್ಲದಿದ್ದರೆ ಮೂವತ್ತು ರಾಜ್ಯ ಮುಗಿದ ಮೇಲೆ ಯಾವುದು ಸೇರಿತು, ಯಾವುದು ಸೇರಲಿಲ್ಲ ಎಂಬ ಗೊಂದಲ ಶುರುವಾಗುತ್ತದೆ. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೆ ಲೆಕ್ಕಕ್ಕಿಲ್ಲ ಎಂದು ಹೆಚ್ಚಿನವರು ಒಪ್ಪುತ್ತಾರೆ. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇವೆ: ಅಲ್ಲಿ ಒಂದು ಊಟ, ಒಂದಿಷ್ಟು ನಡಿಗೆ, ಆ ರಾಜ್ಯದಲ್ಲಿ ಮಾತ್ರ ಸಿಗುವ ಒಂದು ಜಾಗ, ಇಷ್ಟಾದರೂ ಇರಲಿ. ಐ-95 ಹೆದ್ದಾರಿಯಲ್ಲಿ ಡೆಲವೇರ್ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಹಾಗೆ ದಾಟಿ ಹೋಗುವ ಬದಲು ನ್ಯೂಕ್ಯಾಸಲ್‌ನ ಹಳೆಯ ಪೇಟೆಯಲ್ಲಿ ಎರಡು ಗಂಟೆ ಕಳೆದರೆ ಆ ರಾಜ್ಯ ನೆನಪಿನಲ್ಲಿ ಉಳಿಯುತ್ತದೆ.

ನಿಮ್ಮ ಕಡೆಯಿಂದ ಶುರು ಮಾಡಲು ಹಾರ್ಪರ್ಸ್ ಫೆರಿಗಿಂತ ಒಳ್ಳೆಯ ಜಾಗ ಕಡಿಮೆ. ಪೊಟೋಮ್ಯಾಕ್ ಮತ್ತು ಶೆನಂಡೋವ ನದಿಗಳು ಕೂಡುವ ಮೂಲೆಯಲ್ಲಿ ನಿಂತರೆ ಕಾಲ ಕೆಳಗೆ ವೆಸ್ಟ್ ವರ್ಜೀನಿಯ, ಒಂದು ದಡ ಮೇರಿಲ್ಯಾಂಡ್, ಇನ್ನೊಂದು ದಡ ವರ್ಜೀನಿಯ. ಅಲ್ಲಿಂದ ಅಪಲೇಚಿಯನ್ ಟ್ರೇಲ್ ಎಂಬ ಉದ್ದದ ಚಾರಣ ದಾರಿ ರೈಲು ಸೇತುವೆಯ ಪಕ್ಕದ ಕಾಲುದಾರಿಯಲ್ಲೇ ಮೇರಿಲ್ಯಾಂಡಿಗೆ ದಾಟುತ್ತದೆ. 1859ರಲ್ಲಿ ಗುಲಾಮಗಿರಿಯ ವಿರುದ್ಧ ಜಾನ್ ಬ್ರೌನ್ ದಾಳಿ ನಡೆಸಿದ್ದು ಇದೇ ಊರಿನಲ್ಲಿ.

ಪಟ್ಟಿಯ ಕೊನೆಗೆ ಹೆಚ್ಚಾಗಿ ಉಳಿಯುವುದು ನಾರ್ತ್ ಡಕೋಟ. 50ನೇ ರಾಜ್ಯವಾಗಿ ಅಲ್ಲಿಗೆ ಬಂದವರಿಗೆ ಫಾರ್ಗೋ ಊರಿನ ಪ್ರವಾಸಿ ಕೇಂದ್ರದಲ್ಲಿ ಪ್ರಮಾಣಪತ್ರ, ಟೀ ಶರ್ಟ್ ಕೊಡುತ್ತಾರೆ. ಬೇಕೆಂದೇ ಅದನ್ನು ಕೊನೆಗಿಟ್ಟುಕೊಳ್ಳುವವರೂ ಇದ್ದಾರೆ.

ನನಗೆ ದಿನಕ್ಕೊಂದು ಊರು ನೋಡುವ ಆಸೆ, ಹೆಂಡತಿಗೆ ಒಂದೇ ಕಡೆ ನಾಲ್ಕು ದಿನ ಇರುವ ಆಸೆ. ಇಬ್ಬರ ಪಟ್ಟಿಯನ್ನೂ ಹೊಂದಿಸುವುದು ಹೇಗೆ? (ಡಲ್ಲಾಸ್)

ಇಬ್ಬರೂ ಬೇರೆ ಬೇರೆ ಕೂತು ಪಟ್ಟಿ ಬರೆಯಿರಿ. ಬರೀ ರಾಜ್ಯದ ಹೆಸರು ಬೇಡ. ತಿಂಗಳು, ಜಾಗ, ಅಲ್ಲಿ ಏನು ಮಾಡುವುದು, ಈ ಮೂರೂ ಇರಲಿ. "ಮಾಂಟಾನ" ಎಂದು ಬರೆದರೆ ಏನೂ ತಿಳಿಯುವುದಿಲ್ಲ. "ಜುಲೈ ಕೊನೆಗೆ ಗ್ಲೇಸಿಯರ್ ಪಾರ್ಕಿನ ಗೋಯಿಂಗ್ ಟು ದ ಸನ್ ರಸ್ತೆ" ಎಂದು ಬರೆದರೆ ಕೆಲಸ ಅರ್ಧ ಮುಗಿದಂತೆ. ಸುಮಾರು 50 ಮೈಲಿಯ ಆ ರಸ್ತೆಯಲ್ಲಿ ಹಿಮ ತೆರವುಗೊಂಡು ಪೂರ್ತಿ ತೆರೆಯುವಾಗ ಸಾಮಾನ್ಯವಾಗಿ ಜೂನ್ ಕೊನೆ, ಕೆಲವು ವರ್ಷ ಜುಲೈ. ಮೇ ತಿಂಗಳಲ್ಲಿ ಹೋದವರು ಗೇಟಿನವರೆಗೆ ಹೋಗಿ ಹಿಂತಿರುಗಬೇಕಾಗುತ್ತದೆ. ಯೆಲ್ಲೋಸ್ಟೋನ್‌ನ ಬಹುತೇಕ ರಸ್ತೆಗಳು ನವೆಂಬರ್ ಮೊದಲ ದಿನಗಳಿಂದ ಏಪ್ರಿಲ್ ಮಧ್ಯದವರೆಗೆ ಕಾರುಗಳಿಗೆ ಮುಚ್ಚಿರುತ್ತವೆ. ಡೆತ್ ವ್ಯಾಲಿಯಲ್ಲಿ ಜುಲೈ ಬಿಸಿಲು 50 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಫ್ಲೋರಿಡ ಮತ್ತು ಗಲ್ಫ್ ಕರಾವಳಿಗೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಹೀಗೆ ತಿಂಗಳಿನ ಪ್ರಕಾರ ಜೋಡಿಸಿದರೆ ಯಾವ ರಜೆಗೆ ಯಾವ ಜಾಗ ಎಂಬುದು ಬಹುಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ.

ಹೊಂದಾಣಿಕೆಗೆ ದಾರಿ ಎಂದರೆ ಒಂದು ಊರಿನಲ್ಲಿ ನಾಲ್ಕು ರಾತ್ರಿ ನೆಲೆ ಮಾಡಿ, ನೀವು ಒಂದೆರಡು ದಿನ ಸುತ್ತಲಿನ ರಾಜ್ಯಗಳಿಗೆ ಹೋಗಿ ಬರುವುದು. ಇದಕ್ಕೆ ಬಾಸ್ಟನ್ ಹೇಳಿ ಮಾಡಿಸಿದ ಊರು. ರೋಡ್ ಐಲ್ಯಾಂಡಿನ ಪ್ರಾವಿಡೆನ್ಸ್ 50 ಮೈಲಿ, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸುಮಾರು 110 ಮೈಲಿ, ನ್ಯೂ ಹ್ಯಾಂಪ್‌ಶೈರ್ ನಡುವೆಯೇ ಸಿಗುತ್ತದೆ. ಮ್ಯಾಪ್ ತೋರಿಸುವ ಪ್ರತಿ ನಾಲ್ಕು ಗಂಟೆಗೆ ಇನ್ನೊಂದು ಗಂಟೆ ಸೇರಿಸಿಯೇ ಲೆಕ್ಕ ಹಾಕಿ. ಊಟಕ್ಕೆ, ಶೌಚಾಲಯಕ್ಕೆ ನಿಲ್ಲುವ ಹೊತ್ತನ್ನು ಮ್ಯಾಪ್ ಎಣಿಸುವುದಿಲ್ಲ.

ಲಾಸ್ ವೇಗಸ್‌ನಲ್ಲಿ ಇಳಿದು ಒಂದು ವಾರದಲ್ಲಿ ಜಾಯನ್, ಬ್ರೈಸ್, ಆಂಟಿಲೋಪ್ ಕ್ಯಾನಿಯನ್, ಗ್ರ್ಯಾಂಡ್ ಕ್ಯಾನಿಯನ್ ನೋಡಬಹುದೇ? (ಚಿಕಾಗೊ)

ಖಂಡಿತ. ಮೂರು ರಾಜ್ಯ, ಸುಮಾರು 800 ಮೈಲಿಯ ಸುತ್ತು. ವೇಗಸ್‌ನಿಂದ ಜಾಯನ್ ಸುಮಾರು 165 ಮೈಲಿ, ಅಲ್ಲಿಂದ ಬ್ರೈಸ್ 85, ಬ್ರೈಸ್‌ನಿಂದ ಆಂಟಿಲೋಪ್ ಪಕ್ಕದ ಪೇಜ್ ಊರು 150, ಪೇಜ್‌ನಿಂದ ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚು 135, ಮತ್ತೆ ವೇಗಸ್‌ಗೆ 280. ಜಾಯನ್‌ನಲ್ಲಿ ಎರಡು ರಾತ್ರಿ, ಬ್ರೈಸ್‌ನಲ್ಲಿ ಒಂದು, ಪೇಜ್‌ನಲ್ಲಿ ಒಂದು, ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಎರಡು. ಅದಕ್ಕಿಂತ ಬಿಗಿ ಮಾಡಬೇಡಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಗಡಿಯಾರದಲ್ಲಿ. ಬೇಸಿಗೆಯಲ್ಲಿ ಅಮೆರಿಕದ ಬಹುಭಾಗ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಅರಿಜೋನ ಇಡುವುದಿಲ್ಲ. ಆದರೆ ಅರಿಜೋನದೊಳಗಿರುವ, ನವಾಹೊ ಮೂಲನಿವಾಸಿಗಳ ನಾಡು ಇಡುತ್ತದೆ! ಇಕ್ಕಟ್ಟಾದ ಬಂಡೆ ಕಣಿವೆ ಆಂಟಿಲೋಪ್ ಕ್ಯಾನಿಯನ್ ಇರುವುದು ನವಾಹೊ ನೆಲದಲ್ಲಿ, ಅಲ್ಲಿನ ಟೂರ್‌ಗಳು ಮಾತ್ರ ಸಾಮಾನ್ಯವಾಗಿ ನಡೆಯುವುದು ಪಕ್ಕದ ಪೇಜ್ ಊರಿನ ಅರಿಜೋನ ಸಮಯಕ್ಕೆ. ಮಾನ್ಯುಮೆಂಟ್ ವ್ಯಾಲಿಯದು ನವಾಹೊ ಸಮಯ. ನಿಮ್ಮ ಫೋನ್ ಯಾವ ಟವರ್ ಹಿಡಿಯಿತೋ ಆ ಸಮಯ ತೋರಿಸುತ್ತದೆ, ಪೇಜ್‌ನಲ್ಲಿ ಒಂದೇ ದಿನ ಹಿಂದೆ ಮುಂದೆ ಕುಣಿಯುತ್ತದೆ. ಸ್ವಯಂಚಾಲಿತ ಸಮಯವನ್ನು ಆಫ್ ಮಾಡಿ ಫೀನಿಕ್ಸ್ ಸಮಯ ಇಟ್ಟುಕೊಳ್ಳಿ, ಬುಕಿಂಗ್ ಮಾಡುವಾಗ ಯಾವ ಸಮಯ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಆಂಟಿಲೋಪ್‌ಗೆ ಗೈಡ್ ಇಲ್ಲದೆ ಪ್ರವೇಶವಿಲ್ಲ. ಮೇಲಿನ ಕಣಿವೆಯ ನೆಲ ಸಮತಟ್ಟು, ಕೆಳಗಿನದರಲ್ಲಿ ಕಡಿದಾದ ಕಬ್ಬಿಣದ ಮೆಟ್ಟಿಲುಗಳಿವೆ. ತಲೆಯ ಮೇಲೆ ಆಕಾಶ ನೀಲಿಯಾಗಿದ್ದರೂ ಟೂರ್ ರದ್ದು ಮಾಡಿದರೆ ಜಗಳ ಬೇಡ. 1997ರ ಆಗಸ್ಟ್‌ನಲ್ಲಿ ಕೆಳಗಿನ ಕಣಿವೆಯಲ್ಲಿ 11 ಪ್ರವಾಸಿಗರು ಕೊಚ್ಚಿಹೋದಾಗ ಮಳೆ ಸುರಿದದ್ದು ಅಲ್ಲಲ್ಲ, ಮೈಲಿಗಟ್ಟಲೆ ದೂರದಲ್ಲಿ. ಬಂಡೆ ನೀರು ಹೀರುವುದಿಲ್ಲ, ಬಿದ್ದದ್ದೆಲ್ಲ ಆ ಇಕ್ಕಟ್ಟಿನೊಳಗೇ ನುಗ್ಗುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಈ ಅಪಾಯ ಹೆಚ್ಚು.

ಜಾಯನ್‌ನ ಮುಖ್ಯ ಕಣಿವೆಗೆ ಶಟಲ್ ಬಸ್ ಓಡುವ ದಿನಗಳಲ್ಲಿ ಸ್ವಂತ ಕಾರು ಬಿಡುವುದಿಲ್ಲ. ಬೆಳಗ್ಗೆ ಬೇಗ ಹೋಗದಿದ್ದರೆ ಪಾರ್ಕಿಂಗ್ ತುಂಬಿರುತ್ತದೆ, ಆಗ ಸ್ಪ್ರಿಂಗ್‌ಡೇಲ್ ಊರಿನಲ್ಲಿ ನಿಲ್ಲಿಸಿ ಬಸ್ ಹಿಡಿಯಿರಿ. ಏಂಜಲ್ಸ್ ಲ್ಯಾಂಡಿಂಗ್ ಎಂಬ ಬಂಡೆ ಬೆಟ್ಟ ಹತ್ತಲು 2022ರ ಏಪ್ರಿಲ್‌ನಿಂದ ಲಾಟರಿಯಲ್ಲಿ ಪರ್ಮಿಟ್ ಪಡೆಯಬೇಕು. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಇಳಿಯುವುದು ಸಲೀಸು, ಹತ್ತಲು ಅದರ ಎರಡು ಪಟ್ಟು ಹೊತ್ತು ಬೇಕು. ಕೆಳಗೆ ಹೋದಷ್ಟೂ ಸೆಕೆ ಏರುತ್ತದೆ. ನದಿಯವರೆಗೆ ಇಳಿದು ಅದೇ ದಿನ ಹಿಂದಿರುಗಬೇಡಿ ಎಂದು ಪಾರ್ಕಿನವರೇ ಎಚ್ಚರಿಸುತ್ತಾರೆ.

ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿ ನೋವು. ಏನು ತೋರಿಸಬಹುದು? (ಸಿಯಾಟಲ್)

ಮಂಡಿ ನೋವಿದ್ದವರಿಗೂ ಈ ದೇಶದಲ್ಲಿ ನೋಡಲು ಬೇಕಾದಷ್ಟಿದೆ. ಯೆಲ್ಲೋಸ್ಟೋನ್‌ನ ಓಲ್ಡ್ ಫೇತ್‌ಫುಲ್ ಬಿಸಿನೀರ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ, ಎದುರಿಗೆ ಬೆಂಚುಗಳಿವೆ. ಗ್ರ್ಯಾಂಡ್ ಕ್ಯಾನಿಯನ್‌ನ ಅಂಚಿನ ದಾರಿ ಬಹುಭಾಗ ಸಮತಟ್ಟು. ಅಲ್ಲಿನ ಹರ್ಮಿಟ್ ರಸ್ತೆಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಉಚಿತ ಬಸ್ ಓಡುತ್ತದೆ, ಒಂದೊಂದು ನೋಟದ ಕಟ್ಟೆಯಲ್ಲೂ ಇಳಿದು ನೋಡಿ ಮುಂದಿನ ಬಸ್ ಹತ್ತಬಹುದು. ನಯಾಗರದಲ್ಲಿ ರೇನ್‌ಬೋ ಸೇತುವೆ ದಾಟಿದರೆ ಅದು ಕೆನಡಾ. ಆ ದೇಶದ ವೀಸಾ ಇಲ್ಲದಿದ್ದರೆ ಅಮೆರಿಕದ ಕಡೆಯಿಂದಲೇ ನೋಡಿ.

ರಕ್ತದೊತ್ತಡ, ಹೃದಯದ ತೊಂದರೆ ಇದ್ದರೆ ಎತ್ತರದ ಕಡೆ ಗಮನವಿರಲಿ. ಕೊಲರಾಡೊದ ಟ್ರೇಲ್ ರಿಜ್ ರಸ್ತೆ 12,183 ಅಡಿ ಎತ್ತರದವರೆಗೆ ಏರುತ್ತದೆ. ಅಂಥ ಜಾಗಕ್ಕೆ ವೈದ್ಯರನ್ನು ಕೇಳಿಯೇ ಹೋಗಿ, ಹಿಂದಿನ ಒಂದೆರಡು ರಾತ್ರಿ ಅದಕ್ಕಿಂತ ತಗ್ಗಿನ, ಮಧ್ಯಮ ಎತ್ತರದ ಊರಿನಲ್ಲಿ ತಂಗಿ. ವಿಸಿಟರ್ ಇನ್ಷೂರೆನ್ಸ್ ಕೊಳ್ಳುವಾಗ ಮೊದಲೇ ಇರುವ ಕಾಯಿಲೆಗಳ ಕಲಂ ಓದಿ. ಸಾಮಾನ್ಯವಾಗಿ ಅವಕ್ಕೆ ಹಣ ಸಿಗುವುದಿಲ್ಲ, ಸಿಕ್ಕರೂ ವಯಸ್ಸಿನ ಮಿತಿ ಇರುತ್ತದೆ.

ಖರ್ಚಿನಲ್ಲಿ ದೊಡ್ಡ ಬದಲಾವಣೆಯಾಗಿದೆ. 2026ರ ಜನವರಿ 1ರಿಂದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರಗಿನವರಿಗೆ 250. ಪಾಸ್ ಇಲ್ಲದ ಹೊರಗಿನವರು, 16 ವರ್ಷ ತುಂಬಿದ್ದರೆ, ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್, ಯೊಸೆಮಿಟಿ, ಜಾಯನ್ ಮುಂತಾದ 11 ಪಾರ್ಕುಗಳಲ್ಲಿ ಪ್ರವೇಶ ಶುಲ್ಕದ ಮೇಲೆ ತಲಾ 100 ಡಾಲರ್ ಕೊಡಬೇಕು. ಅಂಥ ಮೂರು ಪಾರ್ಕುಗಳಿದ್ದರೆ ಒಬ್ಬರೇ ಆದರೂ ಪಾಸೇ ಅಗ್ಗ.

ಕಾರು ಓಡಿಸುವುದಿಲ್ಲ. ರೈಲಿನಲ್ಲಿ ರಾಜ್ಯಗಳನ್ನು ನೋಡಬಹುದೇ? (ಫಿಲಡೆಲ್ಫಿಯ)

ನೋಡಬಹುದು. ಅಮೆರಿಕದ ಪ್ರಯಾಣಿಕರ ರೈಲು ಸಂಸ್ಥೆ ಆಮ್‌ಟ್ರಾಕ್‌ನ ರೈಲು ಹೋಗದ ರಾಜ್ಯಗಳು ನಾಲ್ಕೇ: ವಯೋಮಿಂಗ್, ಸೌತ್ ಡಕೋಟ, ಅಲಾಸ್ಕ, ಹವಾಯಿ. ಅಲಾಸ್ಕದಲ್ಲಿ ಬೇರೆಯದೇ ರೈಲ್ವೆ ಇದೆ. ಮೊದಲ ಸಲಕ್ಕೆ ಚಿಕಾಗೊದಿಂದ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಎಮರಿವಿಲ್‌ಗೆ ಹೋಗುವ ಕ್ಯಾಲಿಫೋರ್ನಿಯ ಜೆಫಿರ್ ಹಿಡಿಯಿರಿ. ಎರಡು ರಾತ್ರಿಯ ಪ್ರಯಾಣ. ಇದನ್ನೇ ಹಿಡಿಯಿರಿ ಎನ್ನಲು ಕಾರಣವಿದೆ: ರೈಲು ಎರಡನೆಯ ದಿನ ಬೆಳಗ್ಗೆ ಡೆನ್ವರ್ ಬಿಟ್ಟು ರಾಕಿ ಪರ್ವತಗಳನ್ನು, ಮೂರನೆಯ ದಿನ ಸಿಯೆರಾ ನೆವಾಡವನ್ನು ಹಗಲಿನಲ್ಲೇ ಏರುತ್ತದೆ. ಯೂಟದ ಒಂದು ಭಾಗ ಮಾತ್ರ ಕತ್ತಲಲ್ಲಿ ಕಳೆಯುತ್ತದೆ, ಲೆಕ್ಕ ಇಡುವವರು ಸಾಲ್ಟ್ ಲೇಕ್ ಸಿಟಿಯಲ್ಲಿ ಇಳಿಯಲಿ. ಗಾಜಿನ ಗೋಡೆಯ ಲೌಂಜ್ ಬೋಗಿಯ ಆಸನಗಳಿಗೆ ರಿಸರ್ವೇಶನ್ ಇಲ್ಲ, ಡೆನ್ವರ್ ಬರುವ ಮೊದಲೇ ಹೋಗಿ ಕೂರಿ.

ಆಮ್‌ಟ್ರಾಕ್‌ನ 499 ಡಾಲರಿನ ಪಾಸಿನಲ್ಲಿ 30 ದಿನದೊಳಗೆ 10 ಪ್ರಯಾಣ. ಒಮ್ಮೆ ಹತ್ತಿ ಇಳಿದರೆ ಒಂದು ಪ್ರಯಾಣ ಎಂದು ಲೆಕ್ಕ, ಹಾಗಾಗಿ ಚಿಕ್ಕ ದೂರಕ್ಕೆ ಬಳಸಬೇಡಿ. ಪಾಸ್ ಕೊಂಡ ಮಾತ್ರಕ್ಕೆ ಸೀಟು ಸಿಗದು, ಪ್ರತಿ ರೈಲಿಗೂ ಬುಕ್ ಮಾಡಬೇಕು. ಹಳಿಗಳ ಬಹುಭಾಗ ಸರಕು ಸಾಗಣೆ ಕಂಪನಿಗಳದ್ದು, ಆದ್ದರಿಂದ ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಇಳಿಯುವ ದಿನವೇ ವಿಮಾನ ಇಟ್ಟುಕೊಳ್ಳಬೇಡಿ.

ಭಾರತದಿಂದ ಬರುವ ತಮ್ಮ ಬಾಡಿಗೆ ಕಾರು ಓಡಿಸಬಹುದೇ? (ಅಟ್ಲಾಂಟ)

ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೂಲ ಲೈಸೆನ್ಸ್ ಜೊತೆ ಅಂತಾರಾಷ್ಟ್ರೀಯ ಪರ್ಮಿಟ್ ಇದ್ದರೆ ತಕರಾರು ಕಡಿಮೆ. ಅದನ್ನು ಹೊರಡುವ ಮೊದಲೇ ಆರ್‌ಟಿಒದಿಂದ ಪಡೆಯಬೇಕು. ಮೂಲ ಲೈಸೆನ್ಸ್ ಇಲ್ಲದೆ ಬರೀ ಪರ್ಮಿಟ್‌ಗೆ ಬೆಲೆಯಿಲ್ಲ. ಓಡಿಸುವ ಪ್ರತಿಯೊಬ್ಬರ ಹೆಸರೂ ಕೌಂಟರಿನ ಒಪ್ಪಂದದಲ್ಲಿರಲಿ, ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. 25 ವರ್ಷದೊಳಗಿನವರಿಗೆ ದಿನಕ್ಕಿಷ್ಟೆಂದು ಹೆಚ್ಚುವರಿ ಬಾಡಿಗೆ ಇರುತ್ತದೆ. ಒಂದು ಊರಿನಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಟ್ಟರೆ ಅದಕ್ಕೂ ಬೇರೆ ಶುಲ್ಕ.

ಪೆಟ್ರೋಲ್ ಪಂಪ್ ಐದಂಕಿಯ ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಕೇಳುತ್ತದೆ, ಭಾರತದ ಕಾರ್ಡ್ ಅಲ್ಲಿ ಸೋಲುವುದೇ ಹೆಚ್ಚು. ಒಳಗೆ ಹೋಗಿ ಪಂಪ್ ನಂಬರ್, ಮೊತ್ತ ಹೇಳಿ ಮುಂಗಡ ಕೊಡಿ. ಉಳಿದದ್ದು ವಾಪಸ್ ಬರುತ್ತದೆ. ನ್ಯೂಜೆರ್ಸಿಯಲ್ಲಿ ಸ್ವತಃ ತುಂಬಿಸುವಂತಿಲ್ಲ, ಕೆಲಸದವರೇ ತುಂಬುತ್ತಾರೆ. ಹಳದಿ ಸ್ಕೂಲ್ ಬಸ್ ಕೆಂಪು ದೀಪ ಮಿಟುಕಿಸುತ್ತಾ ನಿಂತರೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ತಮ್ಮನಿಗೆ ಇದನ್ನು ಮೊದಲ ದಿನವೇ ಹೇಳಿ.

ದಕ್ಷಿಣದ ಅಲಬಾಮ, ಮಿಸಿಸಿಪ್ಪಿ ನೋಡಲು ಏನಿದೆ? ಎಲ್ಲರೂ ಬಿಟ್ಟುಬಿಡಿ ಎನ್ನುತ್ತಾರೆ. (ಷಾರ್ಲಟ್)

ಬಿಡಬೇಡಿ. ಕಪ್ಪು ಜನರ ಸಮಾನ ಹಕ್ಕಿನ ಹೋರಾಟ ನಡೆದ ನೆಲ ಅದು. ಆ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ ಇರುವ ಅಟ್ಲಾಂಟದಿಂದ ಶುರು ಮಾಡಿ. ಅಲ್ಲಿಂದ ಬರ್ಮಿಂಗ್‌ಹ್ಯಾಮ್ ಸುಮಾರು 150 ಮೈಲಿ. 1963ರಲ್ಲಿ ಬಾಂಬಿಗೆ ನಾಲ್ವರು ಹುಡುಗಿಯರು ಬಲಿಯಾದ 16ನೇ ಬೀದಿಯ ಚರ್ಚ್ ಅಲ್ಲಿದೆ. ಇನ್ನು 90 ಮೈಲಿ ದಕ್ಷಿಣಕ್ಕೆ ಮಾಂಟ್ಗೊಮರಿ, 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡಲು ಒಪ್ಪದ ಊರು. ಸುಮಾರು 50 ಮೈಲಿ ಪಶ್ಚಿಮಕ್ಕೆ ಸೆಲ್ಮ. 1965ರಲ್ಲಿ ಮತದಾನದ ಹಕ್ಕಿಗಾಗಿ ಹೊರಟವರನ್ನು ಪೊಲೀಸರು ಹೊಡೆದುರುಳಿಸಿದ ಎಡ್ಮಂಡ್ ಪೆಟಸ್ ಸೇತುವೆಯನ್ನು ಕಾರಿನಲ್ಲಿ ದಾಟಬೇಡಿ, ನಡೆದು ದಾಟಿ. ನಡು ಕಮಾನು ಎತ್ತರವಾಗಿರುವುದರಿಂದ ಮೇಲೆ ಹೋಗುವವರೆಗೆ ಆಚೆ ದಡದಲ್ಲಿ ಯಾರಿದ್ದಾರೆಂದು ಕಾಣುವುದಿಲ್ಲ. ಅಂದು ಮುಂದಿನ ಸಾಲಿನವರಿಗೆ ಪೊಲೀಸರ ಗೋಡೆ ಕಂಡದ್ದು ಅಲ್ಲಿಂದಲೇ.

ಅಲ್ಲಿಂದ ಮಿಸಿಸಿಪ್ಪಿಗೆ ಹೋಗಿ ನ್ಯಾಚೆಜ್ ಟ್ರೇಸ್ ಪಾರ್ಕ್‌ವೇ ಹಿಡಿಯಿರಿ. ನ್ಯಾಚೆಜ್‌ನಿಂದ ನ್ಯಾಶ್‌ವಿಲ್‌ವರೆಗೆ 444 ಮೈಲಿ, ಲಾರಿಗಳಿಲ್ಲ, ಜಾಹೀರಾತು ಫಲಕಗಳಿಲ್ಲ, ವೇಗದ ಮಿತಿ ಬಹುಭಾಗ ಗಂಟೆಗೆ 50 ಮೈಲಿ. ಪೆಟ್ರೋಲ್ ಆ ರಸ್ತೆಯ ಮೇಲೆ ಸಿಗುವುದಿಲ್ಲ, ಪಕ್ಕದ ಊರುಗಳಿಗೆ ಇಳಿಯಬೇಕು. ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ತುಂಬಿಸಿಕೊಳ್ಳಿ.